ಚುನಾವಣೆಯ ಪಡೆಗಳೂ ಶ್ರಾವಕನ ಅನುಮೋದನೆಯೂ

ಪಂಪ ಮಹಾಕವಿಯು ಕ್ರಿ.ಶ. 941ರಲ್ಲಿ ರಚಿಸಿದ ‘ಆದಿಪುರಾಣ’ದಲ್ಲಿ ಭರತ-ಬಾಹುಬಲಿಗಳ ಸೇನೆಗಳು ಇದಿರುಬದಿರಾಗಿ ನಿಂತಾಗ ಉಭಯ ಪಕ್ಷದ ಮಂತ್ರಿಗಳು ಕೂಡಿ ಒಂದು ಮಾತನ್ನು ನಿಶ್ಚಯಿಸುತ್ತಾರೆ. ವ್ಯಾಜ್ಯವು ಅಣ್ಣತಮ್ಮಂದಿರದು, ಅದಕ್ಕಾಗಿ ಎರಡೂ ಕಡೆಯ ಭಟರು ಏಕೆ ಸಾಯಬೇಕು? ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಂದ ಅವರಿಬ್ಬರೇ ಜಯಾಪಜಯಗಳನ್ನು ನಿರ್ಣಯಿಸಿಕೊಳ್ಳಲಿ ಎಂಬುದು ಆ ನಿಶ್ಚಯ. ಸೇನೆಗಳು ಹಿಂದೆ ಸರಿದು ನಿಲ್ಲುತ್ತವೆ. ಈ ಪ್ರಸಂಗವನ್ನು ನಾವು ಸಾಮಾನ್ಯವಾಗಿ ಬಾಹುಬಲಿಯ ವೈರಾಗ್ಯಕ್ಕೆ ಪೀಠಿಕೆಯಾಗಿ ಮಾತ್ರ ಓದುತ್ತೇವೆ. ಆದರೆ ರಾಜ್ಯಾಧಿಕಾರದ ಪ್ರಶ್ನೆಯನ್ನು ರಕ್ತಪಾತವಿಲ್ಲದೆ ಇತ್ಯರ್ಥಪಡಿಸಬಹುದೆಂಬ ವಿವೇಕವೂ ಅದರಲ್ಲಿ ಅಡಗಿದೆ. ಇಂದಿನ ಚುನಾವಣೆಯು ಅದೇ ವಿವೇಕದ ಇನ್ನೊಂದು ರೂಪ. 1951–52ರ ಮೊದಲ ಮಹಾಚುನಾವಣೆಯಲ್ಲಿ ರಾಯಚೂರು ಸೀಮೆಯ ನಮ್ಮ ಹಿರಿಯರು, ಆಗಿನ್ನೂ ಹೈದರಾಬಾದ್ ರಾಜ್ಯದ ಪ್ರಜೆಗಳಾಗಿದ್ದವರು, ತಮ್ಮನ್ನು ಆಳುವವರನ್ನು ಒಂದು ಚೀಟಿಯ ಮೂಲಕ ಆರಿಸಿದರು. ನಾಲ್ಕು ವರ್ಷಗಳ ಹಿಂದಷ್ಟೇ ಬಂದೂಕಿನ ಸದ್ದು ಕೇಳಿದ್ದ ನಾಡಿಗೆ ಇದು ಸಣ್ಣ ಸಂಗತಿಯಾಗಿರಲಿಲ್ಲ.

ಹಾಗಿರುವಾಗ, ಹಿಂದೆ ಸರಿದು ನಿಂತ ಸೇನೆಯನ್ನು ಮತ್ತೆ ಕಣಕ್ಕೆ ಕರೆತರುವ ಕಾರ್ಯವು ಪ್ರತಿ ಚುನಾವಣೆಯಲ್ಲಿಯೂ ಎಲ್ಲೋ ಒಂದೆಡೆ ನಡೆಯುತ್ತಲೇ ಇದೆ. ಧರ್ಮರಕ್ಷಣೆ, ಊರಿನ ರಕ್ಷಣೆ, ಗೋರಕ್ಷಣೆ, ಮರ್ಯಾದೆಯ ರಕ್ಷಣೆ ಎಂಬ ನಾನಾ ಹೆಸರುಗಳಿಂದ ತಂಡಗಳು ಹುಟ್ಟಿಕೊಳ್ಳುತ್ತವೆ. ಇವು ಪೊಲೀಸರಲ್ಲ, ಚುನಾವಣಾ ಆಯೋಗದ ಸಿಬ್ಬಂದಿಯೂ ಅಲ್ಲ. ಆದರೂ ವಾಹನ ತಡೆಯುತ್ತವೆ, ಹೆಸರು ಕೇಳುತ್ತವೆ, ತಪ್ಪು ಯಾವುದೆಂದು ತಾವೇ ಹೇಳಿ ಶಿಕ್ಷೆಯನ್ನೂ ತಾವೇ ವಿಧಿಸುತ್ತವೆ. ಸುಶಿಕ್ಷಿತರ, ಸಂಭಾವಿತರ ಮನೆಯ ಮಕ್ಕಳೂ ಇವುಗಳಲ್ಲಿ ಸೇರುತ್ತಾರೆ. ಏಕೆ ಸೇರುತ್ತಾರೆ ಎಂಬ ಪ್ರಶ್ನೆಗೆ ನಮ್ಮಲ್ಲಿ ದೊರೆಯುವ ಉತ್ತರಗಳನ್ನು ವಿಮರ್ಶಿಸಿ, ಆ ಉತ್ತರಗಳಲ್ಲಿ ನಮ್ಮ ಪಾಲು ಎಷ್ಟಿದೆಯೆಂದು ನೋಡುವುದು ಈ ಲೇಖನದ ಉದ್ದೇಶ.

ಸಾಮಾನ್ಯವಾಗಿ ಎರಡು ಉತ್ತರಗಳು ಕೇಳಿಬರುತ್ತವೆ. ಮೊದಲನೆಯದು, ಸೇರುವವರೆಲ್ಲ ಪುಂಡರು ಎಂಬುದು. ಎರಡನೆಯದು, ನಿರುದ್ಯೋಗವೇ ಎಲ್ಲಕ್ಕೂ ಮೂಲ ಎಂಬುದು. ಮೊದಲ ಉತ್ತರವು ಸುಲಭವಾದದ್ದು, ಏಕೆಂದರೆ ಅದು ನಮ್ಮನ್ನು ಹೊಣೆಯಿಂದ ಪಾರುಮಾಡುತ್ತದೆ. ಎರಡನೆಯದರಲ್ಲಿ ಸತ್ಯಾಂಶವಿದೆ. ನಮ್ಮ ಭಾಗದ ಚುನಾವಣೆಗಳು ಬಹುಮಟ್ಟಿಗೆ ಬೇಸಗೆಯಲ್ಲಿಯೇ ಬರುತ್ತವೆ. ವಿಧಾನಸಭೆಗೆ 2013ರ ಮೇ 5, 2018ರ ಮೇ 12, 2023ರ ಮೇ 10. ಲೋಕಸಭೆಗೆ ರಾಯಚೂರಿನಲ್ಲಿ 2019ರ ಏಪ್ರಿಲ್ 23, 2024ರ ಮೇ 7. ಹಿಂಗಾರಿ ಜೋಳದ ರಾಶಿ ಮುಗಿದು, ಮುಂಗಾರು ಇನ್ನೂ ಬಾರದ ಕಾಲವದು. ಹೊಲದಲ್ಲಿ ಕೆಲಸವಿಲ್ಲ, ಗಂಜಿನಲ್ಲಿ ಆವಕವಿಲ್ಲ. ಕೈ ಖಾಲಿಯಿರುವ ತರುಣನಿಗೆ ದಿನಕ್ಕಿಷ್ಟು ಕೂಲಿ, ಬೈಕಿಗೆ ಪೆಟ್ರೋಲ್, ರಾತ್ರಿಯ ಊಟ ದೊರೆತರೆ ಅವನು ಬಾವುಟ ಹಿಡಿಯುತ್ತಾನೆ; ಬಾವುಟದ ಕೋಲು ಯಾವಾಗ ಬಡಿಗೆಯಾಗುತ್ತದೆಂದು ಅವನಿಗೂ ತಿಳಿಯುವುದಿಲ್ಲ.

ಆದರೂ ಈ ಉತ್ತರವು ಪೂರ್ಣವಲ್ಲ. ಮಲ್ಲಟ, ಮಾನ್ವಿ, ದೇವದುರ್ಗಗಳ ಕಡೆ ನೋಡಿದರೆ, ಅತ್ಯಂತ ಬಡವರು ಬೇಸಗೆಯಲ್ಲಿ ಊರಿನಲ್ಲಿಯೇ ಇರುವುದಿಲ್ಲ. ಅವರು ಸಂಸಾರಸಮೇತ ಬೆಂಗಳೂರು, ಹೈದರಾಬಾದ್, ಪುಣೆಗಳಿಗೆ ಗುಳೆ ಹೋಗಿರುತ್ತಾರೆ. ಮತದಾನದ ದಿನ ಬಸ್ಸು ಹತ್ತಿ ಬಂದು ಮತ ಹಾಕಿ ಮರುದಿನ ಕಟ್ಟಡದ ಕೆಲಸಕ್ಕೆ ಮರಳುವವರಿಗೆ ದಾರಿಕಾಯುವ ವ್ಯವಧಾನವೆಲ್ಲಿದೆ? ಬಡತನವೊಂದೇ ಕಾರಣವಾಗಿದ್ದರೆ ಅವರೇ ಮೊದಲು ಸೇರಬೇಕಾಗಿತ್ತು. ತಂಡಗಳಲ್ಲಿ ಕಾಣುವವರು ಹೆಚ್ಚಾಗಿ ಹತ್ತನೆಯ ತರಗತಿಯನ್ನೋ ಪದವಿಯನ್ನೋ ಮುಗಿಸಿ, ಹೊಲಕ್ಕೆ ಇಳಿಯಲೊಲ್ಲದೆ, ನೌಕರಿಯೂ ಸಿಗದೆ ನಡುವೆ ನಿಂತವರು. ಅವರಿಗೆ ಬೇಕಾದದ್ದು ಅನ್ನಕ್ಕಿಂತ ಮಿಗಿಲಾದ ಬೇರೊಂದು ವಸ್ತು. ಆ ವಸ್ತು ಯಾವುದೆಂದು ತಿಳಿಯಲು ನಮ್ಮ ಆಚಾರ್ಯರು ಹೇಳಿದ ನಾಲ್ಕು ಕಷಾಯಗಳ ವಿವೇಚನೆಯು ಯಾವ ಆಧುನಿಕ ಸಿದ್ಧಾಂತಕ್ಕೂ ಕಡಿಮೆಯಿಲ್ಲದೆ ನೆರವಾಗುತ್ತದೆ.

ಲೋಭವನ್ನು ಈಗಾಗಲೇ ಹೇಳಿದ್ದಾಯಿತು. ಅದಕ್ಕಿಂತ ಬಲವಾದದ್ದು ಮಾನ. ತಹಸೀಲ ಕಚೇರಿಯಲ್ಲಿ ಒಂದು ಉತಾರಕ್ಕಾಗಿ ನಾಲ್ಕು ಸಲ ಅಲೆದವನು, ಠಾಣೆಯಲ್ಲಿ ಕುಳಿತುಕೋ ಎನ್ನಿಸಿಕೊಳ್ಳದವನು, ಮದುವೆಯ ಸಂಬಂಧಗಳು ಕೈತಪ್ಪಿದವನು, ರಾತ್ರಿ ಹೆದ್ದಾರಿಯಲ್ಲಿ ಕೈ ಅಡ್ಡ ಹಿಡಿದಾಗ ಲಾರಿಯೊಂದು ನಿಲ್ಲುತ್ತದೆ. ಅವನಿಗಿಂತ ದೊಡ್ಡ ವಯಸ್ಸಿನ ಚಾಲಕನು ಇಳಿದು ಬಂದು ‘ಅಣ್ಣಾ’ ಎನ್ನುತ್ತಾನೆ. ಆ ಒಂದು ಕ್ಷಣದಲ್ಲಿ ಅವನೇ ಸರಕಾರ. ಚುನಾವಣೆಯ ಕಾಲದಲ್ಲಿ ಇದಕ್ಕೆ ಬೆಲೆ ಹೆಚ್ಚು. ಐದು ವರ್ಷ ಹೆಸರು ನೆನಪಿಲ್ಲದ ಮುಖಂಡನು ಈಗ ಹೆಗಲ ಮೇಲೆ ಕೈಯಿಟ್ಟು ಮಾತನಾಡಿಸುತ್ತಾನೆ. ಈ ಮಾನದ ರುಚಿಯನ್ನು ಅರಿಯದೆ ಬರಿಯ ಕೂಲಿಯ ಲೆಕ್ಕ ಹಾಕುವವರು ಈ ತರುಣರನ್ನು ಅರ್ಥಮಾಡಿಕೊಳ್ಳಲಾರರು.

ಮಾನಕ್ಕೆ ಹೊಂದಿಕೊಂಡೇ ಋಣದ ಭಾವನೆ ಬರುತ್ತದೆ. ಹಳಗನ್ನಡದಲ್ಲಿ ಇದಕ್ಕೆ ‘ಜೋಳದ ಪಾಳಿ’ ಎಂಬ ಸೊಗಸಾದ ಹೆಸರುಂಟು. ಒಡೆಯನ ಜೋಳವನ್ನುಂಡವನು ಆ ಜೋಳದ ಋಣಕ್ಕಾಗಿ ಪ್ರಾಣವನ್ನು ಒಪ್ಪಿಸಬೇಕೆಂಬ ವೀರನೀತಿ ಅದು. ಪಂಪನ ‘ವಿಕ್ರಮಾರ್ಜುನ ವಿಜಯ’ದ ಕರ್ಣನು ತನ್ನ ಜನ್ಮರಹಸ್ಯವನ್ನು ತಿಳಿದ ಮೇಲೂ ದುರ್ಯೋಧನನನ್ನು ಬಿಡದಿರುವುದು ಈ ನೀತಿಯಿಂದಲೇ. ನಮ್ಮ ಜಿಲ್ಲೆ ಜೋಳದ ಸೀಮೆ. ಉಪ್ಪುಂಡ ಮನೆಗೆ ಎರಡು ಬಗೆಯಬಾರದೆಂಬ ಮಾತು ಇಲ್ಲಿ ಇಂದಿಗೂ ಜೀವಂತವಾಗಿದೆ. ತಾಯಿಯ ಆಸ್ಪತ್ರೆಯ ಖರ್ಚಿಗೆ ಹಣ ಕೊಟ್ಟವನು, ತಂಗಿಗೆ ಹಾಸ್ಟೆಲ್ ಸೀಟು ಕೊಡಿಸಿದವನು ಚುನಾವಣೆಯಲ್ಲಿ ಕರೆದರೆ ಇಲ್ಲವೆನ್ನುವುದು ಹೇಗೆ? ಈ ಭಾವನೆಯನ್ನು ನಾನು ಹೀಗಳೆಯುವುದಿಲ್ಲ. ಆದರೆ ಪಂಪನು ಕರ್ಣನ ನನ್ನಿಯನ್ನು ಮನಸಾರೆ ಕೊಂಡಾಡಿದನೇ ಹೊರತು ಆ ನನ್ನಿಯಿಂದ ದುರ್ಯೋಧನನ ಪಕ್ಷವು ನ್ಯಾಯದ ಪಕ್ಷವಾಯಿತೆಂದು ಎಲ್ಲಿಯೂ ಹೇಳಲಿಲ್ಲ. ವ್ಯಕ್ತಿಯ ನಿಷ್ಠೆಗೆ ಒಂದು ಬೆಲೆ, ಆ ನಿಷ್ಠೆ ನಡೆಸುವ ಕಾರ್ಯಕ್ಕೆ ಇನ್ನೊಂದು ಬೆಲೆ. ಎರಡನ್ನೂ ಒಂದೇ ಖಾತೆಗೆ ಜಮಾ ಮಾಡುವುದು ಲೆಕ್ಕದ ತಪ್ಪು. ಋಣವನ್ನು ತೀರಿಸಬೇಕಾದದ್ದು ಸ್ವಂತದ್ದರಿಂದ. ಪರರ ಬೆನ್ನಿನ ಮೇಲಿನ ಬಾಸುಂಡೆಯಿಂದ ಅಲ್ಲ.

ಮೂರನೆಯದು ಕ್ರೋಧ. ಕಾನೂನು ಇದೆ, ಕೆಲಸ ಮಾಡುವುದಿಲ್ಲ ಎಂಬ ಸಿಟ್ಟು. ಇದು ಪೂರ್ತಿ ಸುಳ್ಳಾದ ಸಿಟ್ಟಲ್ಲವಾದ್ದರಿಂದಲೇ ಇದು ಅಪಾಯಕರ. ನಾಲ್ಕನೆಯದು ಮಾಯೆ, ಎಂದರೆ ಕಪಟ. ಇದು ಸೇರುವವನಲ್ಲಿ ಕಡಿಮೆ, ಸೇರಿಸುವವನಲ್ಲಿ ಹೆಚ್ಚು. ಯುವಕನ ಸಿಟ್ಟು, ಮಾನ, ಹಸಿವುಗಳನ್ನು ಒಟ್ಟುಗೂಡಿಸಿ ಅದಕ್ಕೆ ಒಂದು ಪವಿತ್ರವಾದ ಹೆಸರಿಡುವ ಕೌಶಲ ಅದು. ಕೇಸು ದಾಖಲಾದಾಗ ಹೆಸರಿಟ್ಟವನು ಪಟ್ಟಿಯಲ್ಲಿ ಇರುವುದಿಲ್ಲ. ಹೆಸರು ಹೊತ್ತವನು ಇರುತ್ತಾನೆ.

ಇದು ಒಂದು ಮತದ, ಒಂದು ಪಕ್ಷದ ಅಥವಾ ಒಂದು ದೇಶದ ರೋಗವಲ್ಲವೆಂಬುದಕ್ಕೆ ಇತಿಹಾಸವೇ ಸಾಕ್ಷಿ. ನಿಜಾಮರ ಕಾಲದಲ್ಲಿ, 1927ರಲ್ಲಿ ಸ್ಥಾಪನೆಯಾದ ಇತ್ತೆಹಾದ್ ಸಂಘಟನೆಯ ಆಶ್ರಯದಲ್ಲಿ ರಜಾಕಾರರು ಬೆಳೆದರು. ‘ರಜಾಕಾರ’ ಎಂದರೆ ಸ್ವಯಂಸೇವಕನೆಂದೇ ಅರ್ಥ. ಲಾತೂರಿನ ವಕೀಲ ಕಾಸಿಂ ರಜ್ವಿಯ ನಾಯಕತ್ವದಲ್ಲಿ ಆ ಸೇವೆಯು ಎಂತಹ ರೂಪ ತಾಳಿತೆಂಬುದನ್ನು ಈ ಭಾಗದ ಹಳ್ಳಿಗಳು ಮರೆತಿಲ್ಲ. 1948ರ ಸೆಪ್ಟೆಂಬರ್ 13ರಿಂದ 17ರವರೆಗಿನ ಪೊಲೀಸ್ ಕಾರ್ಯಾಚರಣೆಯಿಂದ ಅದು ಕೊನೆಗಂಡಿತು. ಆದರೆ ಅದರ ಬೆನ್ನಿಗೇ ನಡೆದ ಪ್ರತೀಕಾರವನ್ನೂ ನಾವು ನೆನೆಯಬೇಕು. ಕೇಂದ್ರವು ಕಳುಹಿಸಿದ ಪಂಡಿತ ಸುಂದರಲಾಲ್ ಸಮಿತಿಯು ಆಗ ಸತ್ತವರ ಸಂಖ್ಯೆಯನ್ನು 27 ಸಾವಿರದಿಂದ 40 ಸಾವಿರದವರೆಗೆ ಅಂದಾಜಿಸಿತು. ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ನೆರೆಯ ಕಲಬುರ್ಗಿ ಮತ್ತು ಬೀದರಗಳೂ ಇದ್ದವು. ಒಂದು ಪಡೆಯಿಂದ ನೊಂದವರು ಇನ್ನೊಂದು ಪಡೆಯಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಜರ್ಮನಿಯಲ್ಲಿ 1932ರಲ್ಲಿ ಹಿಟ್ಲರನ ಖಾಸಗಿ ಪಡೆಯ ಮೇಲಿನ ನಿಷೇಧವನ್ನು ಜೂನ್ ತಿಂಗಳಲ್ಲಿ ತೆಗೆದುಹಾಕಲಾಯಿತು. ಜುಲೈ 31ರ ಚುನಾವಣೆಗೆ ಎರಡು ವಾರ ಮುಂಚೆ ಅಲ್ಟೋನಾ ಪಟ್ಟಣದಲ್ಲಿ ಆ ಪಡೆಯ ಮೆರವಣಿಗೆಯ ದಿನ 18 ಜನ ಸತ್ತರು. ಆ ಪಡೆಯೂ ನಿರುದ್ಯೋಗಿ ತರುಣರಿಗೆ ಮೊದಲು ಕೊಟ್ಟದ್ದು ಬಿಸಿ ಗಂಜಿ, ಮಲಗಲು ಜಾಗ, ತೊಡಲು ಸಮವಸ್ತ್ರ.

ಈಗ ನಮ್ಮ ಸಮಾಜಕ್ಕೆ ನೇರವಾಗಿ ಸಂಬಂಧಿಸಿದ ಸಂಗತಿಗೆ ಬರೋಣ. ಕರ್ನಾಟಕ ವಿಧಾನಸಭೆಯ ಚುನಾವಣೆಯನ್ನು 2023ರ ಮಾರ್ಚ್ 29ರಂದು ಘೋಷಿಸಲಾಯಿತು. ಎರಡೇ ದಿನಗಳ ತರುವಾಯ, ಮಾರ್ಚ್ 31ರ ರಾತ್ರಿ, ಅಂದಿನ ರಾಮನಗರ ಜಿಲ್ಲೆಯ ಸಾತನೂರಿನಲ್ಲಿ ಜಾನುವಾರು ಸಾಗಿಸುತ್ತಿದ್ದ ವಾಹನವೊಂದನ್ನು ಗೋರಕ್ಷಕರೆಂದು ಹೇಳಿಕೊಳ್ಳುವ ತಂಡವೊಂದು ತಡೆಯಿತು. ಮರುದಿನ ಬೆಳಗ್ಗೆ ಆ ವಾಹನದಲ್ಲಿದ್ದ ಮಂಡ್ಯದ ವ್ಯಕ್ತಿಯೊಬ್ಬನ ಶವವು ಸಮೀಪದಲ್ಲಿಯೇ ದೊರೆಯಿತು. ತಂಡದವರು ಎರಡು ಲಕ್ಷ ರೂಪಾಯಿ ಕೇಳಿದರೆಂದು ದೂರಿನಲ್ಲಿ ಹೇಳಲಾಗಿತ್ತು. ಪೊಲೀಸರು ಕೊಲೆ ಪ್ರಕರಣ ದಾಖಲಿಸಿ, ಕೆಲವು ದಿನಗಳಲ್ಲಿ ಐವರನ್ನು ರಾಜಸ್ಥಾನದಲ್ಲಿ ಬಂಧಿಸಿದರು. ಆರೋಪಿಗಳ ತಪ್ಪೊಪ್ಪುಗಳನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ; ಅದು ನನ್ನ ವಿಷಯವಲ್ಲ. ಆ ಸುದ್ದಿಯನ್ನು ಓದಿದ ನಮ್ಮ ಮನಸ್ಸಿನಲ್ಲಿ ಏನು ನಡೆಯಿತೆಂಬುದು ನನ್ನ ವಿಷಯ. ‘ಆದದ್ದು ಕೆಟ್ಟದ್ದೇ, ಆದರೂ ಹಸುಗಳು ಉಳಿದವಲ್ಲ’ ಎಂಬ ಮಾತು ನಮ್ಮ ಮನೆಗಳಲ್ಲಿ, ನಮ್ಮ ಅಂಗಡಿಗಳ ಗಾದಿಗಳ ಮೇಲೆ ಬಂದಿತೋ ಇಲ್ಲವೋ, ಪ್ರತಿಯೊಬ್ಬರೂ ತಮ್ಮ ತಮ್ಮ ಆತ್ಮಸಾಕ್ಷಿಯನ್ನು ಕೇಳಿಕೊಳ್ಳಬೇಕು.

ಜೀವದಯೆಯು ನಮ್ಮ ಧರ್ಮದ ಪ್ರಾಣ. ಗೋಶಾಲೆ, ಪಾಂಜರಪೋಳಗಳಿಗೆ ನಮ್ಮವರು ತಲೆತಲಾಂತರದಿಂದ ದಾನ ಕೊಡುತ್ತ ಬಂದಿದ್ದಾರೆ. ಆದ್ದರಿಂದಲೇ ನಮ್ಮ ಹುಡುಗರಿಗೆ ಇಂತಹ ತಂಡಗಳ ಕರೆ ಧರ್ಮದ ಕರೆಯಂತೆಯೇ ಕೇಳಿಸುತ್ತದೆ. ಇಲ್ಲಿ ಉಮಾಸ್ವಾಮಿ ಆಚಾರ್ಯರ ‘ತತ್ತ್ವಾರ್ಥಸೂತ್ರ’ವನ್ನು ಮತ್ತೊಮ್ಮೆ ಲಕ್ಷ್ಯವಿಟ್ಟು ಓದಬೇಕು. ಅಹಿಂಸಾಣುವ್ರತಕ್ಕೆ ಅಲ್ಲಿ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಎಂದರೆ ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ ಮಾಡುವುದು, ಮಿತಿಮೀರಿ ಹೊರೆ ಹೇರುವುದು, ಅನ್ನನೀರುಗಳನ್ನು ತಡೆಯುವುದು. ವಾಹನದಲ್ಲಿ ದನಗಳನ್ನು ಉಸಿರಾಡದಂತೆ ತುರುಕಿ ನೀರಿಲ್ಲದೆ ಸಾಗಿಸುವುದು ಈ ಪಟ್ಟಿಯಲ್ಲಿದೆ. ಅದನ್ನು ಕಂಡು ಮರುಗುವುದು ಸರಿಯಾದ ಮರುಕವೇ. ಆದರೆ ಅದೇ ಸೂತ್ರದ ಅದೇ ಪಟ್ಟಿಯಲ್ಲಿ ಚಾಲಕನನ್ನು ಕಟ್ಟಿಹಾಕುವುದೂ ಹೊಡೆಯುವುದೂ ಇವೆ. ಸೂತ್ರವು ಪಶುವಿಗೊಂದು, ಮನುಷ್ಯನಿಗೊಂದು ಎಂದು ಎರಡು ತಕ್ಕಡಿಗಳನ್ನು ಇಟ್ಟಿಲ್ಲ. ಪಂಚೇಂದ್ರಿಯ ಜೀವಿಯಾದ ಹಸುವಿಗಾಗಿ ಪಂಚೇಂದ್ರಿಯ ಜೀವಿಯಾದ ಮನುಷ್ಯನನ್ನು ನೋಯಿಸುವ ಅಹಿಂಸೆ ಯಾವ ಆಗಮದಲ್ಲಿಯೂ ಇಲ್ಲ.

‘ನಾವು ಹೊಡೆಯಲಿಲ್ಲ, ಹಣ ಕೊಟ್ಟೆವಷ್ಟೆ’ ಎನ್ನುವವರಿಗೆ ಇದಕ್ಕಿಂತ ಕಠಿಣವಾದ ಮಾತು ಕಾದಿದೆ. ಕರ್ಮಾಸ್ರವಕ್ಕೆ ಕಾರಣವಾಗುವ ಜೀವಾಧಿಕರಣವನ್ನು ವಿವರಿಸುತ್ತ ಆಚಾರ್ಯರು ಸಂರಂಭ, ಸಮಾರಂಭ, ಆರಂಭ ಎಂಬ ಮೂರು. ಮನ, ವಚನ, ಕಾಯ ಎಂಬ ಮೂರು. ಕೃತ, ಕಾರಿತ, ಅನುಮತ ಎಂಬ ಮೂರು. ಕಷಾಯಗಳು ನಾಲ್ಕು, ಹೀಗೆ ಗುಣಿಸಿ 108 ಭೇದಗಳನ್ನು ಎಣಿಸುತ್ತಾರೆ. ನಮ್ಮ ಜಪಮಾಲೆಯ 108 ಮಣಿಗಳು ಈ 108 ದ್ವಾರಗಳನ್ನು ನೆನಪಿಸುತ್ತವೆಂದು ಹಿರಿಯರು ಹೇಳುವುದುಂಟು. ಮಾಡಿದವನಷ್ಟೇ ಮಾಡಿಸಿದವನೂ, ಮಾಡಿಸಿದವನಷ್ಟೇ ಒಪ್ಪಿದವನೂ ಈ ಲೆಕ್ಕದಲ್ಲಿ ಸೇರುತ್ತಾನೆ. ಪೆಟ್ರೋಲಿಗೆ ಹಣ ಕೊಟ್ಟದ್ದು ಕಾರಿತ. ಪೇಪರು ಓದಿ ತಲೆದೂಗಿದ್ದು ಅನುಮತ. ಜನ್ನಕವಿಯು 1209ರಲ್ಲಿ ಬರೆದ ‘ಯಶೋಧರ ಚರಿತೆ’ಯಲ್ಲಿ ಯಶೋಧರನು ಬಲಿಕೊಟ್ಟದ್ದು ಜೀವವಿಲ್ಲದ ಹಿಟ್ಟಿನ ಕೋಳಿಯನ್ನು, ಹಾಗೆ ಮಾಡೆಂದು ಒತ್ತಾಯಿಸಿದವಳು ತಾಯಿ ಚಂದ್ರಮತಿ. ಕೊಟ್ಟವನೂ ಕೊಡಿಸಿದವಳೂ ಸಮಾನವಾಗಿ ಹಲವು ಜನ್ಮಗಳ ತಿರ್ಯಗ್ಗತಿಯಲ್ಲಿ ತೊಳಲಿದರು. ಹಿಟ್ಟಿನ ಕೋಳಿಯ ಸಂಕಲ್ಪಕ್ಕೇ ಇಷ್ಟು ಫಲವಾದರೆ, ನಿಜವಾದ ರಕ್ತಕ್ಕೆ ಕಾರಣವಾದ ಚಂದಾ ಹಣಕ್ಕೆ ಫಲವೆಷ್ಟೆಂದು ಬೇರೆ ಹೇಳಬೇಕೆ?

ಇಲ್ಲಿ ಒಂದು ಆಕ್ಷೇಪಕ್ಕೆ ಸಮಾಧಾನ ಹೇಳಬೇಕು. ಗೃಹಸ್ಥನಿಗೆ ವಿರೋಧೀ ಹಿಂಸೆಯು ಸಂಪೂರ್ಣವಾಗಿ ವರ್ಜ್ಯವಲ್ಲವಲ್ಲ, ಪೊಲೀಸರು ಬಾರದಿದ್ದರೆ ರಕ್ಷಣೆಗಾಗಿ ಕೈಯೆತ್ತುವುದು ತಪ್ಪೇ ಎಂದು ಕೇಳುವವರಿದ್ದಾರೆ. ಮೈಮೇಲೆ ಬಿದ್ದವನನ್ನು ಆ ಗಳಿಗೆಯಲ್ಲಿ ತಡೆಯುವುದು ವಿರೋಧೀ ಹಿಂಸೆ. ಹೊತ್ತು ಗೊತ್ತುಮಾಡಿ, ಜನ ಕೂಡಿಸಿ, ದಾರಿ ಕಾದು, ಎದುರಿಗೆ ಬಂದವನನ್ನು ಅಡ್ಡಗಟ್ಟುವುದು ಸಂಕಲ್ಪೀ ಹಿಂಸೆ. ಮೊದಲನೆಯದರಲ್ಲಿ ಭಯವಿದೆ, ಎರಡನೆಯದರಲ್ಲಿ ಸಿದ್ಧತೆಯಿದೆ. ಶ್ರಾವಕನು ಮೊಟ್ಟಮೊದಲು ಬಿಡಬೇಕಾದದ್ದೇ ಸಂಕಲ್ಪೀ ಹಿಂಸೆ. ಇನ್ನು ಕಾನೂನಿನ ಮಾತು. ಕರ್ನಾಟಕದ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಅಧಿನಿಯಮವು ತಪಾಸಣೆ ಮತ್ತು ಜಪ್ತಿಯ ಅಧಿಕಾರವನ್ನು ಕೊಟ್ಟಿರುವುದು ಸಬ್ ಇನ್ಸ್‌ಪೆಕ್ಟರ್ ದರ್ಜೆಗೆ ಕಡಿಮೆಯಲ್ಲದ ಪೊಲೀಸ್ ಅಧಿಕಾರಿಗೆ ಅಥವಾ ಸಕ್ಷಮ ಪ್ರಾಧಿಕಾರಕ್ಕೆ, ದಾರಿಯಲ್ಲಿ ಹೋಗುವವನಿಗಲ್ಲ. ಸರ್ವೋಚ್ಚ ನ್ಯಾಯಾಲಯವು 2018ರ ಜುಲೈ 17ರ ತೀರ್ಪಿನಲ್ಲಿ, ಗುಂಪು ಹಿಂಸೆಯನ್ನು ತಡೆಯಲು ಪ್ರತಿ ಜಿಲ್ಲೆಯಲ್ಲಿಯೂ ಪೊಲೀಸ್ ವರಿಷ್ಠಾಧಿಕಾರಿಯ ದರ್ಜೆಗೆ ಕಡಿಮೆಯಿಲ್ಲದ ನೋಡಲ್ ಅಧಿಕಾರಿಯನ್ನು ನೇಮಿಸಬೇಕೆಂದು ಆದೇಶಿಸಿತು. ಚುನಾವಣೆಯ ಅಕ್ರಮಗಳನ್ನು ಕಂಡವನು ಫೋನಿನಲ್ಲಿ ಚಿತ್ರ ತೆಗೆದು ‘ಸಿ-ವಿಜಿಲ್’ ಮೂಲಕ ಕಳುಹಿಸಿದರೆ 100 ನಿಮಿಷಗಳೊಳಗೆ ಕ್ರಮವಾಗಬೇಕೆಂಬ ಏರ್ಪಾಡು 2018ರಿಂದ ಇದೆ. ಈ ಬಾಗಿಲುಗಳನ್ನು ತಟ್ಟದೆಯೇ ಬಾಗಿಲು ಮುಚ್ಚಿದೆಯೆನ್ನುವುದು ಸತ್ಯವ್ರತಕ್ಕೂ ಸಲ್ಲದು.

ನಮ್ಮ ಬಸದಿಗಳ, ಟ್ರಸ್ಟುಗಳ ಆಡಳಿತಗಾರರು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ಕಾನೂನಿದೆ. 1988ರ ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಅಧಿನಿಯಮವು ಪೂಜಾಸ್ಥಳದ ಆವರಣವನ್ನು ರಾಜಕೀಯ ಚಟುವಟಿಕೆಗೆ ಬಳಸುವುದನ್ನೂ, ಅಲ್ಲಿ ಶಸ್ತ್ರಾಸ್ತ್ರ ಇರಿಸುವುದನ್ನೂ, ಸಂಸ್ಥೆಯ ನಿಧಿಯನ್ನು ರಾಜಕೀಯ ಪಕ್ಷಕ್ಕಾಗಿ ವ್ಯಯಿಸುವುದನ್ನೂ ನಿಷೇಧಿಸುತ್ತದೆ. ತಪ್ಪಿದವರಿಗೆ ಐದು ವರ್ಷಗಳವರೆಗೆ ಸೆರೆವಾಸ ಮತ್ತು ಹತ್ತು ಸಾವಿರ ರೂಪಾಯಿಗಳವರೆಗೆ ದಂಡವುಂಟು. ‘ಹುಡುಗರು ಒಂದು ರಾತ್ರಿ ಸಭಾಭವನದಲ್ಲಿ ಮಲಗಲಿ’ ಎಂದು ಬೀಗದ ಕೈ ಕೊಡುವ ಮುನ್ನ ಟ್ರಸ್ಟಿಗಳು ಇದನ್ನು ನೆನೆಯಬೇಕು. ಚುನಾವಣೆ ಘೋಷಣೆಯಾದ ದಿನವೇ ಒಂದು ಠರಾವು ಬರೆದಿಡುವುದು ಲೇಸು: ಫಲಿತಾಂಶ ಬರುವವರೆಗೆ ಭವನವನ್ನು ಯಾವ ಸಂಘಟನೆಗೂ ಕೊಡಕೂಡದು, ಜೀವದಯೆಯ ದಾನವು ನೋಂದಾಯಿತ ಗೋಶಾಲೆಗೆ, ಚೆಕ್ಕಿನ ಮೂಲಕ, ಮೇವು ಮತ್ತು ಔಷಧದ ರಸೀದಿಗೆ ಎದುರಾಗಿಯೇ ಸಲ್ಲಬೇಕು, ದಾರಿ ಕಾಯುವವರಿಗೆ ವಾಹನ, ಇಂಧನ, ಊಟ ಯಾವುದನ್ನೂ ಒದಗಿಸಕೂಡದು. ಗಂಜಿನ ಅಡತಿ ವ್ಯಾಪಾರಿಗಳಲ್ಲಿ ಅನೇಕರು ಭಕ್ತಿಯಿಂದಲ್ಲ, ಅಂಜಿಕೆಯಿಂದ ಹಣ ಕೊಡುತ್ತಾರೆಂಬುದು ಗೊತ್ತಿರುವ ಮಾತು. ಒಬ್ಬ ಅಂಗಡಿಕಾರನು ಇಲ್ಲವೆನ್ನುವುದು ಕಷ್ಟ. ಸಮಾಜದ ಠರಾವನ್ನು ತೋರಿಸಿ ಇಲ್ಲವೆನ್ನುವುದು ಅಷ್ಟು ಕಷ್ಟವಲ್ಲ.

ಕೊನೆಯದಾಗಿ, ಈಗಾಗಲೇ ಸೇರಿರುವ ಹುಡುಗರ ವಿಷಯ. ಅವರನ್ನು ಪುಂಡರೆಂದು ತಳ್ಳಿದರೆ ಅವರು ಹೋಗುವುದು ತಂಡದ ಕಡೆಗೇ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತೀಕರಣವೂ ಒಂದು. ದಾರಿತಪ್ಪಿದವನನ್ನು ಮತ್ತೆ ದಾರಿಗೆ ನಿಲ್ಲಿಸುವುದೇ ಅದರ ಅರ್ಥ. ವಾರಿಷೇಣ ಮುನಿಯು ಚಂಚಲಚಿತ್ತನಾದ ಗೆಳೆಯನನ್ನು ಬೈದು ಅಟ್ಟಲಿಲ್ಲ, ಜೊತೆಗೆ ನಡೆದು ತಿದ್ದಿದನು. ತಂಡವು ಆ ಹುಡುಗನಿಗೆ ಕೊಟ್ಟದ್ದು ಕೆಲಸ, ಮಾನ, ಗೆಳೆತನಗಳು ಎಂಬುದನ್ನು ಮೇಲೆ ಕಂಡೆವು. ಇವುಗಳನ್ನು ನಾವು ಕೊಡದೆ ಬರಿಯ ಉಪದೇಶ ಕೊಟ್ಟರೆ ಅವನು ಏಕೆ ಕೇಳಿಯಾನು? ಬೇಸಗೆಯ ಎರಡು ತಿಂಗಳು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ, ಗೋಶಾಲೆಯಲ್ಲಿ ದನಗಳಿಗೆ ನೀರು ಹೊರುವ ಸೇವೆ, ಮತಗಟ್ಟೆಗೆ ಬರುವ ವೃದ್ಧರಿಗೆ ನೆರಳು-ನೀರಿನ ವ್ಯವಸ್ಥೆ ಮಾಡುವ ಹೊಣೆ ಇಂತಹವುಗಳಲ್ಲಿಯೂ ಮಾನವಿದೆ. ಹಸುವನ್ನು ನಿಜವಾಗಿ ಪ್ರೀತಿಸುವವನಿಗೆ ಗೋಶಾಲೆಯ ಸಗಣಿ ಬಾಚುವ ಕೆಲಸ ಕೀಳೆನಿಸದು. ಕೀಳೆನಿಸಿದರೆ ಅವನು ಪ್ರೀತಿಸಿದ್ದು ಹಸುವನ್ನಲ್ಲವೆಂಬುದು ಅವನಿಗೇ ತಿಳಿದೀತು.

ಭರತ-ಬಾಹುಬಲಿಗಳ ಮಂತ್ರಿಗಳು ಯಾರಿಗೂ ಶತ್ರುಗಳಾಗಿರಲಿಲ್ಲ. ತಮ್ಮ ತಮ್ಮ ಒಡೆಯರ ಅನ್ನವನ್ನೇ ಉಂಡವರು. ಆದರೂ ಸೇನೆಯನ್ನು ಹಿಂದೆ ನಿಲ್ಲಿಸಿರೆಂದು ಹೇಳುವ ಧೈರ್ಯ ಅವರಿಗಿತ್ತು. ಜೋಳದ ಋಣವನ್ನು ಅದಕ್ಕಿಂತ ಚೆನ್ನಾಗಿ ತೀರಿಸುವ ಬಗೆ ಇನ್ನೊಂದಿಲ್ಲ. ಯಾವ ಪಕ್ಷಕ್ಕೆ ಮತ ಕೊಡಬೇಕೆಂಬುದು ಪ್ರತಿಯೊಬ್ಬನ ಸ್ವಂತ ವಿಚಾರ. ಆ ಮತದ ಪೆಟ್ಟಿಗೆಯ ಹೊರಗೆ ಬಡಿಗೆ ಹಿಡಿದು ನಿಲ್ಲಲು ನಮ್ಮ ಹಣ, ನಮ್ಮ ಭವನ, ನಮ್ಮ ಮಕ್ಕಳು, ನಮ್ಮ ತಲೆದೂಗು ಯಾವುದೂ ದೊರೆಯದಂತೆ ನೋಡಿಕೊಳ್ಳುವುದು ಸಮಾಜದ ವಿಚಾರ. ಮುಂದಿನ ಚುನಾವಣೆಯು ಘೋಷಣೆಯಾಗುವವರೆಗೆ ಕಾಯದೆ, ಬರುವ ಪರ್ಯುಷಣದ ಸಭೆಯಲ್ಲಿಯೇ ಈ ವಿಷಯವನ್ನು ಚರ್ಚೆಗೆ ಎತ್ತಿಕೊಳ್ಳಬೇಕೆಂದು ಎಲ್ಲ ಟ್ರಸ್ಟುಗಳ ಆಡಳಿತಗಾರರಲ್ಲಿಯೂ ಶ್ರಾವಕ-ಶ್ರಾವಿಕೆಯರಲ್ಲಿಯೂ ವಿನಂತಿಸುತ್ತೇನೆ.